ರೂಪ ಬದಲಿಸುವ ರೋಬೋಟುಗಳೂ ನಮ್ಮ ಮಕ್ಕಳ ಕನ್ನಡವೂ



ನವೆಂಬರ್ ಬಂತೆಂದರೆ ನಮಗೆಲ್ಲ ಎರಡು ಬುದ್ಧಿಮಾತು ತಪ್ಪದೆ ಸಿಗ್ತವೆ. ಒಂದು, ಕಾರಿಗೆ ಚಳಿಗಾಲದ ಟಯರ್ ಹಾಕಿಸಿಕೊಳ್ಳಿ ಅಂತ. ಇನ್ನೊಂದು, ರಾಜ್ಯೋತ್ಸವದ ವೇದಿಕೆಯಿಂದ, ಮಕ್ಕಳಿಗೆ ಕನ್ನಡ ಕಲಿಸಿ ಅಂತ. ಮೊದಲನೆಯದನ್ನು ಮೊದಲ ಹಿಮ ಬೀಳುವ ಮುಂಚೆ ಹೇಗೋ ಪಾಲಿಸ್ತೇವೆ. ಎರಡನೆಯದಕ್ಕೆ ಚಪ್ಪಾಳೆ ತಟ್ಟಿ, ಊಟ ಮುಗಿಸಿ, ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನ ಮಕ್ಕಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡ್ತೇವೆ.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ಬೆಳಗ್ಗಿನ ಪಾಳಿ, ರಾತ್ರಿ ಪಾಳಿ ಅಂತ ಹಂಚಿಹೋದ ಮನೆಯಲ್ಲಿ ಮಕ್ಕಳಿಗೂ ನಮಗೂ ಸಿಗುವುದೇ ದಿನಕ್ಕೆ ಒಂದೆರಡು ಗಂಟೆ. ಆ ಹೊತ್ತಿನಲ್ಲಿ ಅಕ್ಷರಮಾಲೆ ಹಿಡಿದು ಕೂತರೆ ಮಕ್ಕಳಿಗೆ ನಿದ್ದೆ, ನಮಗೂ ನಿದ್ದೆ. ಈ ಸಲ ಬುದ್ಧಿಮಾತಿನ ಬದಲು, ಒಂದೂವರೆ ವರ್ಷದಿಂದ ನಮ್ಮ ಮೇಜಿನ ಮೇಲೆ ನಡೆಯುತ್ತಿರುವ ಒಂದು ಆಟದ ವಿಷಯ ಬರೆಯುತ್ತಿದ್ದೇವೆ. ರೂಪ ಬದಲಿಸುವ ರೋಬೋಟುಗಳ ಯುದ್ಧದ ಆಟ. ಕನ್ನಡಕ್ಕೂ ಅದಕ್ಕೂ ಎಂತ ಸಂಬಂಧ ಅಂತ ಕೇಳ್ತೀರಿ. ಸ್ವಲ್ಪ ತಾಳ್ಮೆ ಇರಲಿ, ಮಾರಾಯ್ರೇ.

ಮೊದಲು ಆಡುವವರು ಯಾರು ಎಂದು ಹೇಳಬೇಕು. ಬ್ರಾಂಪ್ಟನ್‌ನಲ್ಲಿ ಹತ್ತು ನಿಮಿಷದ ದೂರದೊಳಗೆ ನಾವು ಮೂರು ಮನೆ. ಒಂದು ಮನೆಯಲ್ಲಿ ದಾವಣಗೆರೆ ಕಡೆಯ ಅಣ್ಣ, ಲಾರಿ ಓಡಿಸ್ತಾರೆ. ವಾರದಲ್ಲಿ ನಾಲ್ಕು ರಾತ್ರಿ 401 ಹೆದ್ದಾರಿಯ ಮೇಲೆಯೇ. ಎರಡನೆಯ ಮನೆಯಲ್ಲಿ ಧಾರವಾಡದ ಅಕ್ಕ, ವಿಮಾನ ನಿಲ್ದಾಣದ ಕಡೆಯ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ. ಅವರ ಯಜಮಾನರು ವೃದ್ಧರ ಆರೈಕೆಯ ಕೆಲಸದವರು. ಮೂರನೆಯ ಮನೆ ನಮ್ಮದು. ಊರು ಕುಂಬಳೆ ಹತ್ತಿರ, ಬಿ.ಕಾಂ. ಮಾಡಿದ್ದು ಪುತ್ತೂರಿನಲ್ಲಿ, ಈಗ ಇಲ್ಲಿ ಸಣ್ಣ ವ್ಯಾಪಾರಿಗಳ ಮತ್ತು ಲಾರಿಯವರ ಲೆಕ್ಕ ಬರೆಯುವ ಉದ್ಯೋಗ. ಲಾರಿ ಅಣ್ಣನ ಮಗಳಿಗೆ 13, ನಮ್ಮ ಮಗನಿಗೆ 11, ಅಕ್ಕನ ಮಗನಿಗೆ 9. ಮೂವರಿಗೂ ಕನ್ನಡ ಚೆನ್ನಾಗಿ ಅರ್ಥ ಆಗ್ತದೆ. ಮೂವರೂ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಈ ರೋಗದ ಲಕ್ಷಣ ನಿಮ್ಮ ಮನೆಯಲ್ಲೂ ಇದ್ದೀತು.

ಆಟವನ್ನು ತಂದವಳು ಲಾರಿ ಅಣ್ಣನ ಮಗಳು. ಅವಳ ಶಾಲೆಯ ಮಕ್ಕಳು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಾರಂತೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಹೊರತಂದ ಆಟ ಅದು. ಪಾತ್ರ ವಹಿಸಿ ಮಾತಿನಲ್ಲಿ ಆಡುವ ಎಲ್ಲ ಮೇಜಿನ ಆಟಗಳಿಗೂ ಅದೇ ಮೂಲ. ಅವಳಿಗೆ ಬೇಕಾದದ್ದು ರಾಕ್ಷಸರ ಆಟ ಅಲ್ಲ, ಟ್ರಾನ್ಸ್‌ಫಾರ್ಮರ್ಸ್ ಆಟ. ಅದೂ ಇದೆ. ರೆನೆಗೇಡ್ ಗೇಮ್ ಸ್ಟುಡಿಯೋಸ್‌ನವರು 2022ರಲ್ಲಿ ಅದರ ನಿಯಮದ ಪುಸ್ತಕ ತಂದರು. ಪುಸ್ತಕ ಅಗ್ಗವಲ್ಲ. ಮೂರು ಮನೆ ಸೇರಿ ಒಂದು ಕೊಂಡೆವು. ಖರ್ಚನ್ನು ಮೂರು ಭಾಗ ಮಾಡಿದ್ದು ಯಾರು ಅಂತ ಹೇಳಬೇಕಾಗಿಲ್ಲ.

ಟ್ರಾನ್ಸ್‌ಫಾರ್ಮರ್ಸ್ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ತಕಾರಾ ಕಂಪನಿ ಕಾರು, ವಿಮಾನಗಳಾಗಿ ಮಡಚಿಕೊಳ್ಳುವ ರೋಬೋಟ್ ಆಟಿಕೆಗಳನ್ನು ಮಾಡುತ್ತಿತ್ತು. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಅವನ್ನು ತಂದು 1984ರಲ್ಲಿ ಹೊಸ ಹೆಸರಿನಲ್ಲಿ ಮಾರಿತು. ಮಾರ್ವೆಲ್ ಕಾಮಿಕ್ಸ್‌ನವರು ಆ ಆಟಿಕೆಗಳಿಗೆ ಹೆಸರು, ಸ್ವಭಾವ ಕೊಟ್ಟು, ಎರಡು ಪಕ್ಷ ಮಾಡಿ, ಒಂದು ಯುದ್ಧ ಕಟ್ಟಿದರು. ಸೈಬರ್ಟ್ರಾನ್ ಎಂಬ ಲೋಹದ ಲೋಕ. ಅಲ್ಲಿ ಆಟೋಬಾಟ್, ಡಿಸೆಪ್ಟಿಕಾನ್ ಎಂಬ ಎರಡು ಬಣ. ಕಾದಾಡಿ ಕಾದಾಡಿ ಲೋಕದ ಇಂಧನವೇ ಮುಗಿಯುತ್ತಾ ಬಂತು. ಇಂಧನ ಹುಡುಕಿಕೊಂಡು ಹೊರಟವರು ಭೂಮಿಗೆ ಬಂದು ಬೀಳ್ತಾರೆ. ಇಲ್ಲಿಯವರ ಕಣ್ಣಿಗೆ ಬೀಳದ ಹಾಗೆ ಇಲ್ಲಿನ ಲಾರಿ, ಕಾರು, ವಿಮಾನಗಳ ರೂಪ ತಾಳ್ತಾರೆ.

ಈ ಭಾಗ ಕೇಳಿದಾಗ ಲಾರಿ ಅಣ್ಣ ಚಾ ಲೋಟ ಕೆಳಗಿಟ್ಟು, "ಅಂದ್ರೆ ಇವರೂ ಹೊಟ್ಟೆಪಾಡಿಗೆ ಊರು ಬಿಟ್ಟವರೇ. ಬಂದಲ್ಲಿ ಲಾರಿ ಆದವರೇ" ಅಂದರು. ಅವರು ಊರಿನಲ್ಲಿ ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು. ಮಕ್ಕಳು ನಕ್ಕರು. ದೊಡ್ಡವರು ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆಟ ನಡೆಯುವ ಕ್ರಮ ಹೀಗೆ. ಕಂಪ್ಯೂಟರ್ ಇಲ್ಲ, ಟಿವಿ ಇಲ್ಲ. ಒಂದು ಮೇಜು, ಕಾಗದ, ಪೆನ್ಸಿಲ್, ದಾಳಗಳು. ಒಬ್ಬರು ಕಥೆ ನಡೆಸುವವರು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ರೋಬೋಟು. ಅದಕ್ಕೊಂದು ಹಾಳೆ, ಅದರಲ್ಲಿ ಬಲ, ವೇಗ, ಬುದ್ಧಿ, ಜನರೊಡನೆ ನಡೆದುಕೊಳ್ಳುವ ಜಾಣ್ಮೆ ಎಂಬ ನಾಲ್ಕು ಬಾಬ್ತು. ಸ್ಕೌಟ್, ವಿಜ್ಞಾನಿ, ಯೋಧ ಎಂದು ಕೆಲಸಗಳೂ ಬೇರೆಬೇರೆ. ಯಾವ ವಾಹನ ಆಗಬೇಕು ಎಂದು ಅವರವರೇ ಆರಿಸಬೇಕು. ಅಕ್ಕನ ಮಗ ಬೀದಿಯ ಹಿಮ ನೂಕುವ ಲಾರಿ ಆದ. ಲಾರಿ ಅಣ್ಣನ ಮಗಳು ಆಂಬ್ಯುಲೆನ್ಸ್. ನಮ್ಮ ಮಗ ಹೋದ ಬೇಸಿಗೆಯಲ್ಲಿ ಪುತ್ತೂರಿನಲ್ಲಿ ಕಂಡ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು. ಲಾರಿ ಅಣ್ಣನನ್ನು ಕೇಳಿದರೆ, "ವಾರವೆಲ್ಲ ಲಾರಿ, ಭಾನುವಾರವೂ ಲಾರಿನಾ? ನಾನು ಈಜಿ ಚೇರ್ ಆಗ್ತೀನಿ" ಅಂದರು. ನಿಯಮದಲ್ಲಿ ತಡೆ ಇಲ್ಲ. ಮೂಲ ಕಥೆಯಲ್ಲೇ ಸೌಂಡ್‌ವೇವ್ ಎಂಬವನು ಟೇಪ್‌ರೆಕಾರ್ಡರ್ ಆಗ್ತಾನೆ, ಪರ್ಸೆಪ್ಟರ್ ಮೈಕ್ರೋಸ್ಕೋಪ್ ಆಗ್ತಾನೆ. ಹಾಗಾಗಿ ನಮ್ಮ ಪಡೆಯಲ್ಲಿ ಒಂದು ಈಜಿ ಚೇರ್ ಉಂಟು. ಶತ್ರು ಬಂದು ಕೂತ ಕೂಡಲೇ ಹಿಡಿದುಕೊಳ್ಳುವುದು ಅದರ ಯುದ್ಧತಂತ್ರ.

ಕಥೆ ನಡೆಸುವವರು ಹೇಳ್ತಾರೆ: "ಸೇತುವೆ ಮುರಿದಿದೆ, ಆಚೆ ದಡದಲ್ಲಿ ಇಬ್ಬರು ಶತ್ರುಗಳು. ಏನು ಮಾಡ್ತೀರಿ?" ಮಕ್ಕಳು ಉಪಾಯ ಹೇಳಬೇಕು. ಅದು ಆಗ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸ್ತದೆ. 20 ಮುಖದ ದಾಳ ಒಂದು, ಜೊತೆಗೆ ಆ ಕೆಲಸದಲ್ಲಿ ಎಷ್ಟು ನುರಿತಿದ್ದೀರಿ ಎಂಬುದಕ್ಕೆ ತಕ್ಕಂತೆ 4, 6, 8 ಹೀಗೆ ಬೇರೆಬೇರೆ ಮುಖದ ಇನ್ನೊಂದು. ಎರಡೂ ಸೇರಿ ಗೊತ್ತುಮಾಡಿದ ಸಂಖ್ಯೆ ಮುಟ್ಟಬೇಕು.

ಲೆಕ್ಕದವರು ಇಲ್ಲಿ ಬಾಯಿ ಹಾಕದೆ ಇರಲಿಕ್ಕೆ ಆಗ್ತದಾ? ಮುಟ್ಟಬೇಕಾದ್ದು 15 ಎಂದಿಟ್ಟುಕೊಳ್ಳಿ. 6 ಮುಖದ ದಾಳ ಜೊತೆಗಿದ್ದರೆ ಗೆಲ್ಲುವ ಸಂಭವ ನೂರಕ್ಕೆ 47.5. ಅಭ್ಯಾಸ ಹೆಚ್ಚಿ 8 ಮುಖದ್ದು ಸಿಕ್ಕಿದರೆ 52.5. ಒಂದು ಮೆಟ್ಟಿಲಿಗೆ ಐದೇ ಐದು. ಆದರೆ ಪರಿಸ್ಥಿತಿ ಅನುಕೂಲವಾಗಿದ್ದರೆ 20 ಮುಖದ ದಾಳವನ್ನು ಎರಡು ಸಲ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು ಎಂದು ಇನ್ನೊಂದು ನಿಯಮ ಉಂಟು. ಆಗ ಅದೇ 47.5 ಹಾರಿ ಸುಮಾರು 72 ಆಗ್ತದೆ. ಒಂದು ಭಾನುವಾರ ಮಕ್ಕಳನ್ನು ಕೂರಿಸಿ ಕಾಗದದ ಮೇಲೆ ಇದನ್ನು ಹಾಕಿ ತೋರಿಸಿದೆವು. ಭಿನ್ನರಾಶಿ ಎಂದರೆ ಓಡಿಹೋಗುತ್ತಿದ್ದ ನಮ್ಮ ಮಗ ಆ ದಿನ ತಾನೇ ಪೆನ್ಸಿಲ್ ಕಿತ್ತುಕೊಂಡ. ಮೂವರಿಗೂ ಒಂದು ವಿಷಯ ಸ್ಪಷ್ಟವಾಯ್ತು. ಬಲಕ್ಕಿಂತ ಅನುಕೂಲ ಮಾಡಿಕೊಳ್ಳುವ ಉಪಾಯ ದೊಡ್ಡದು.

ನಮ್ಮ ಕುಂಬಳೆ ಕಡೆಯವರಿಗೆ ಈ ಆಟ ಎಲ್ಲೋ ನೋಡಿದ ಹಾಗೆ ಕಾಣ್ತದೆ. ಕಾಣಲೇಬೇಕು. ಇದು ತಾಳಮದ್ದಳೆ. ಬಯಲುಸೀಮೆಯ ಓದುಗರಿಗಾಗಿ ವಿವರಿಸ್ತೇವೆ: ಯಕ್ಷಗಾನದಲ್ಲಿ ವೇಷ ಇದೆ, ಕುಣಿತ ಇದೆ. ತಾಳಮದ್ದಳೆಯಲ್ಲಿ ಅದೊಂದೂ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಮದ್ದಳೆ ಚೆಂಡೆ ಇರ್ತದೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಮಾತಾಡ್ತಾರೆ. ಒಬ್ಬರು ರಾಮ, ಒಬ್ಬರು ವಾಲಿ. ಕಥೆಯ ದಾರಿ ಗೊತ್ತು, ಮಾತು ಮಾತ್ರ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ ರಾಮನ ಪಾತ್ರಧಾರಿ ಆ ಕ್ಷಣದಲ್ಲಿ ಉತ್ತರ ಹುಡುಕಬೇಕು. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918-2006) ಬೆಳೆದ ಸೀಮೆ ಅದು. ಅವರು ರಾವಣನೋ ವಾಲಿಯೋ ಆಗಿ ಕೂತರೆ, ಸೋಲುವವನ ಪಕ್ಷಕ್ಕೂ ಇಷ್ಟು ನ್ಯಾಯ ಇತ್ತಾ ಅಂತ ಸಭೆಗೆ ಸಂಶಯ ಬರುತ್ತಿತ್ತು.

ರೂಪ ಬದಲಿಸುವುದೂ ನಮಗೆ ಹೊಸತಲ್ಲ. ಮಾರೀಚ ಜಿಂಕೆ ಆಗ್ತಾನೆ, ರಾವಣ ಸನ್ಯಾಸಿ ಆಗ್ತಾನೆ, ಶೂರ್ಪನಖಿ ಸುಂದರಿ ಆಗ್ತಾಳೆ. ತಾಳಮದ್ದಳೆಯಲ್ಲಿ ಇದಕ್ಕೆಲ್ಲ ಬಣ್ಣ ಬೇಡ, ಸ್ವರ ಬದಲಾದರೆ ಸಾಕು. ನಮ್ಮ ಮೇಜಿನಲ್ಲೂ ಹಾಗೆಯೇ; ರೋಬೋಟು ಬಸ್ಸಾಗುವುದು ಮಗನ ಬಾಯಲ್ಲಿ, ಮೇಜಿನ ಮೇಲೆ ಏನೂ ಅಲುಗುವುದಿಲ್ಲ. ಕಾಲವೂ ಹೊಂದ್ತದೆ. ಊರಿನಲ್ಲಿ ಮಳೆಗಾಲ ಹಿಡಿದು ಮೇಳಗಳ ತಿರುಗಾಟ ನಿಂತಾಗ, ಆಟಿ ತಿಂಗಳಲ್ಲಿ ಮನೆಯೊಳಗೆ ತಾಳಮದ್ದಳೆ. ಇಲ್ಲಿ ಡಿಸೆಂಬರಿನಲ್ಲಿ ಸಂಜೆ ಐದಾಗುವ ಮುಂಚೆ ಕತ್ತಲು, ಹೊರಗೆ ಹಿಮ. ಒಳಗೆ ಕೂರುವವರಿಗೆ ಮಾತೇ ಬೆಂಕಿ.

ಹಾಗಾಗಿ ಕಥೆ ನಡೆಸುವವರನ್ನು ನಾವು ಭಾಗವತರು ಎಂದೇ ಕರೆಯುವುದು. ನಮ್ಮ ಭಾಗವತರು ಧಾರವಾಡದ ಅಕ್ಕ. ರಾತ್ರಿಯೆಲ್ಲ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವಾಗ ಮುಂದಿನ ವಾರದ ಕಥೆ ಹೊಳೆಯುತ್ತದಂತೆ.

ಕನ್ನಡ ಬಂದದ್ದು ಎರಡನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಮಕ್ಕಳು ಇಂಗ್ಲಿಷಿನಲ್ಲೇ ಆಡುತ್ತಿದ್ದರು. ಮೊದಲು ಮಾಡಿದ ಮನೆನಿಯಮ ಇದು: ಉಪಾಯವನ್ನು ಕನ್ನಡದಲ್ಲಿ ಹೇಳಿದವರಿಗೆ 20 ಮುಖದ ದಾಳ ಎರಡು ಸಲ. 47.5ರಿಂದ 72ಕ್ಕೆ ಏರುವ ಲೆಕ್ಕ ಮಕ್ಕಳಿಗೆ ಬಾಯಿಪಾಠ ಆಗಿತ್ತಲ್ಲ, ಕೂಡಲೇ ಕನ್ನಡ ಶುರು. ಎಂಥ ಕನ್ನಡ? "ನಾನು ಫೈಟ್ ಮಾಡ್ತೀನಿ. ಕನ್ನಡ. ಎರಡು ದಾಳ ಕೊಡಿ." ಎರಡು ವಾರ ಬರೀ ವಕಾಲತ್ತು: "ಜಂಪ್ ಮಾಡು" ಕನ್ನಡವೋ ಅಲ್ಲವೋ? "ಬ್ರಿಡ್ಜ್" ಎಂದರೆ ಒಂದು ದಾಳ ಕಡಿತವೋ?

ಅಕ್ಕ ಬಹುಮಾನವನ್ನೇ ತೆಗೆದುಹಾಕಿದರು. ಬದಲಿಗೆ ಕಥೆಯೊಳಗೆ ಒಂದು ಪಾತ್ರ ತಂದರು. ಸೈಬರ್ಟ್ರಾನಿನ ಹಳೆಯ ರೋಬೋಟು, ಸಾವಿರಾರು ವರ್ಷ ಭೂಮಿಯೊಳಗೆ ಹೂತುಹೋಗಿತ್ತು. ಅಗೆದು ತೆಗೆದದ್ದು ಧಾರವಾಡದ ಹತ್ತಿರ. ಅದಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಇಂಧನದ ಗಣಿ ಎಲ್ಲಿ ಎಂದು ಗೊತ್ತಿರುವುದು ಅದಕ್ಕೊಂದಕ್ಕೇ. ಇಂಗ್ಲಿಷಿನಲ್ಲಿ ಕೇಳಿದರೆ, "ಏನಂದ್ರೀ? ತಿಳೀಲಿಲ್ರೀ, ಇನ್ನೊಮ್ಮೆ ಹೇಳ್ರೀ" ಎನ್ನುತ್ತದೆ. ಸಿಟ್ಟು ಮಾಡಿದರೆ ಮಲಗಿಬಿಡ್ತದೆ.

ಆ ದಿನ ನಾವು ಕಂಡದ್ದನ್ನು ಇಲ್ಲಿ ಒತ್ತಿ ಹೇಳಬೇಕು, ಈ ಬರಹದ ತಾತ್ಪರ್ಯವೇ ಅದು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳುವುದು ಏನನ್ನು? ಊಟ ಆಯ್ತಾ, ಹೋಂವರ್ಕ್ ಆಯ್ತಾ, ಜಾಕೆಟ್ ಹಾಕಿದ್ದೀಯಾ. ಮೂರಕ್ಕೂ ತಲೆ ಆಡಿಸಿದರೆ ಸಾಕು. ಮಗುವಿನ ಬದುಕಿನಲ್ಲಿ ಕನ್ನಡದ ಮೇಲೆ ನಿಂತಿರುವ ಸಂಗತಿ ಒಂದೂ ಇಲ್ಲ. ಗೆಳೆತನ, ಜಗಳ, ನ್ಯಾಯ, ಗುಟ್ಟು ಎಲ್ಲ ಇಂಗ್ಲಿಷಿನಲ್ಲಿ. ಆ ಮುದಿ ರೋಬೋಟಿನ ಎದುರು ಮೊದಲ ಸಲ, ಮಾತು ಕನ್ನಡದಲ್ಲಿ ಬರದಿದ್ದರೆ ಏನೋ ಒಂದು ಕೈತಪ್ಪಿ ಹೋಗುವ ಸಂದರ್ಭ ಬಂತು. ಒಂಬತ್ತು ವರ್ಷದ ಪೋರ ಅಮ್ಮನ ಮುಖವನ್ನೇ ನೋಡಿ, ಒಂದೊಂದೇ ಶಬ್ದ ಜೋಡಿಸಿ, "ಅಜ್ಜಾ, ನಮ್ಮ ಫ್ರೆಂಡ್ಸ್ ಸಾಯ್ತಾರೆ, ದಾರಿ ಹೇಳಿ" ಅಂದ. ಕಲಿಸಿದ ವಾಕ್ಯ ಅಲ್ಲ ಅದು. ಅವನಿಗೆ ಬೇಕಾಗಿತ್ತು, ಬಂತು.

ಹೋದ ಫೆಬ್ರವರಿಯಲ್ಲಿ, ಫ್ಯಾಮಿಲಿ ಡೇ ರಜೆಯ ಸೋಮವಾರ, ಮೂರು ಮನೆಯವರಿಗೂ ಬಿಡುವು ಕೂಡಿಬಂದ ಅಪರೂಪದ ದಿನ. ಕಥೆಯಲ್ಲಿ ನಮ್ಮ ಪಡೆ ಗಣಿಯಿಂದ ಇಂಧನ ಹೊತ್ತು ಹಿಂತಿರುಗುತ್ತಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದ ಶತ್ರು. ರೆಕ್ಕೆ ಮುರಿದ ಡಿಸೆಪ್ಟಿಕಾನ್ ವಿಮಾನ. "ನನ್ನವರು ನನ್ನ ಬಿಟ್ಟು ಹೋದ್ರು. ನಿಮ್ಮ ಕಡೆ ಸೇರ್ಕೋತೀನಿ, ಕರಕೊಂಡು ಹೋಗ್ರಿ" ಎಂದ. ಅವನನ್ನು ಹೊತ್ತರೆ ಇಂಧನ ಮನೆಯವರೆಗೆ ಸಾಲುವುದು ಖಾತ್ರಿ ಇಲ್ಲ. ಬಿಟ್ಟರೆ ಅವನು ಅಲ್ಲೇ ತಣ್ಣಗಾಗ್ತಾನೆ.

ಅಕ್ಕನ ಮಗ, "ಕೈ ಕಟ್ಟಿ ಎಳ್ಕೊಂಡು ಹೋಗೋಣ" ಅಂದ. ನಮ್ಮ ಮಗ, "ಬೇಡ, ಅವನು ಸುಳ್ಳು ಹೇಳ್ತಾನೆ, ನಮ್ಮ ಜಾಗ ತೋರಿಸಿಕೊಡ್ತಾನೆ" ಅಂದ. ಲಾರಿ ಅಣ್ಣನ ಮಗಳು ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತಿದ್ದಳು. ಆಮೇಲೆ ಹೇಳಿದಳು: "ನಾನು ಆಂಬ್ಯುಲೆನ್ಸ್. ಆಂಬ್ಯುಲೆನ್ಸ್ ನೀನ್ಯಾರು ಅಂತ ಕೇಳಿ ಹತ್ತಿಸ್ಕೊಳ್ಳಲ್ಲ." ಆ ಮಾತಿಗೆ ದೊಡ್ಡವರಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ದಾಳ ಹಾಕಿದಳು. 20 ಮುಖದ್ದರಲ್ಲಿ 3, ಜೊತೆಗೆ 2. ಇಂಧನ ಅರ್ಧ ದಾರಿಯಲ್ಲಿ ಮುಗಿಯಿತು. ಆಟ ಅಲ್ಲಿಗೆ ನಿಂತಿತು. ಅವಳು ತನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ನಮ್ಮ ಅಪ್ಪನಿಗೆ 78. ನಲವತ್ತು ವರ್ಷ ಊರಿನ ಸಂಘದ ತಾಳಮದ್ದಳೆಯಲ್ಲಿ ಹವ್ಯಾಸಿಯಾಗಿ ಅರ್ಥ ಹೇಳಿದವರು. ಈಗ ಮಂಡಿನೋವು, ಮನೆಯಲ್ಲೇ. ವಾರಕ್ಕೊಮ್ಮೆ ವಿಡಿಯೋ ಕರೆ. ಅಜ್ಜ ಕೇಳುವುದು, "ಊಟ ಆಯ್ತಾ? ಶಾಲೆ ಉಂಟಾ? ಚಳಿ ಉಂಟಾ?" ಮೊಮ್ಮಗ ಹೇಳುವುದು, "ಆಯ್ತು. ಉಂಟು. ಉಂಟು." ಎರಡು ನಿಮಿಷ. ಫೋನು ನಮ್ಮ ಕೈಗೆ. ಹೀಗೆ ವರ್ಷಗಳು ಕಳೆದರೆ, ನಾಲ್ಕು ಗಂಟೆ ಸಭೆಯನ್ನು ಹಿಡಿದು ಕೂರಿಸುತ್ತಿದ್ದ ಮನುಷ್ಯ ಮೊಮ್ಮಗನ ನೆನಪಿನಲ್ಲಿ ಊಟ ಆಯ್ತಾ ಎಂದು ಕೇಳುವ ಮುಖ ಮಾತ್ರ ಆಗಿ ಉಳಿಯುತ್ತಾರೆ ಎಂಬ ಹೆದರಿಕೆ ನಮಗೆ ಇತ್ತು. ವಿದೇಶದಲ್ಲಿರುವ ಯಾರಿಗೆ ಈ ಹೆದರಿಕೆ ಇಲ್ಲ?

ಆ ವಾರದ ಕರೆಯಲ್ಲಿ ಅಜ್ಜ ಅಭ್ಯಾಸಬಲದಿಂದ, "ಮತ್ತೆಂತ ವಿಶೇಷ?" ಅಂದರು. ಮಗನಿಗೆ ಸೋತ ಸಿಟ್ಟು ಇಳಿದಿರಲಿಲ್ಲ. ಗಾಯಗೊಂಡ ಶತ್ರುವಿನ ಕಥೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಸುರಿದ. ಅಜ್ಜ ಕಿವಿ ಹತ್ತಿರ ತಂದು ಪೂರ್ತಿ ಕೇಳಿದರು. ಆಮೇಲೆ, "ಇದು ನಮ್ಮ ವಿಭೀಷಣ ಶರಣಾಗತಿ ಅಲ್ವನಾ! ಶತ್ರುವಿನ ತಮ್ಮ ಬಂದು ಕಾಲು ಹಿಡಿದಿದ್ದಾನೆ. ಸೇರಿಸಿಕೊಳ್ಳುವುದಾ ಬೇಡವಾ? ಹನುಮಂತ ಬೇಕು ಅಂತಾನೆ, ಸುಗ್ರೀವ ಬೇಡ ಅಂತಾನೆ. ನೀನು ಬೇಡ ಅಂದವನು. ಹಾಗಾದ್ರೆ ಈಗ ನೀನು ಹನುಮಂತ, ನಾನು ಸುಗ್ರೀವ. ಹೇಳು, ಯಾಕೆ ಸೇರಿಸಿಕೊಳ್ಳಬೇಕು?"

ತನ್ನದಲ್ಲದ ಪಕ್ಷ ಹಿಡಿದು ವಾದಿಸುವುದು. ಅರ್ಥಧಾರಿಗಳ ಹಳೆಯ ಅಭ್ಯಾಸ. ಮಗ ತಡವರಿಸಿದ. ಆಂಬ್ಯುಲೆನ್ಸಿನ ಮಾತನ್ನೇ ಎತ್ತಿಕೊಂಡು ಹೇಳಿದ. ಅಜ್ಜನ ಸ್ವರ ಏರಿತು. ಎಷ್ಟು ವರ್ಷದ ಮೇಲೆ ಕೇಳಿದೆವೋ ಆ ಸ್ವರ. "ಕಷ್ಟಕಾಲದಲ್ಲಿ ಸ್ವಂತ ಅಣ್ಣನನ್ನೇ ಬಿಟ್ಟು ಬಂದವನು ನಾಳೆ ನಮ್ಮನ್ನು ಬಿಡುವುದಿಲ್ಲ ಅಂತ ಎಂತ ಗ್ಯಾರಂಟಿ?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸುಗ್ರೀವ ಅಂದ್ರೆ ವಾಲಿಯ ತಮ್ಮ ಅಲ್ವಾ? ಅವನೂ ಬ್ರದರ್‌ನ ಬಿಟ್ಟು ಬಂದದ್ದೇ ಅಲ್ವಾ ಅಜ್ಜ?"

ಆ ಕಡೆಯಿಂದ ಶಬ್ದ ಇಲ್ಲ. ಸಂಪರ್ಕ ಕಡಿಯಿತಾ ಅಂತ ನೋಡಿದರೆ, ಅಜ್ಜ ನಗುತ್ತಿದ್ದರು, ಹೆಗಲ ಶಾಲು ಕಣ್ಣಿಗೆ ಒತ್ತಿಕೊಂಡು. "ಇದಕ್ಕೆ ನಾನು ಮುಂದಿನ ವಾರ ತಯಾರಾಗಿ ಬರ್ತೇನೆ" ಅಂದರು. ಫೋನಿನಲ್ಲಿ ನೋಡಿದರೆ 26 ನಿಮಿಷ ಆಗಿತ್ತು.

ಈಗ ವಾರವಾರವೂ ಅಷ್ಟು ಹೊತ್ತು ಮಾತಾಡ್ತಾರೆ ಎಂದು ಬರೆದರೆ ಸುಳ್ಳಾದೀತು. ಕೆಲವು ವಾರ ಮತ್ತೆ ಎರಡೇ ನಿಮಿಷ. ಆದರೆ ಅಜ್ಜನಿಗೆ ಕೇಳಲಿಕ್ಕೆ ಒಂದು ಪ್ರಶ್ನೆ ಸಿಕ್ಕಿದೆ: "ಆ ರೆಕ್ಕೆ ಮುರಿದವ ಈಗ ಎಂತ ಮಾಡ್ತಾನೆ?" ಮೊಮ್ಮಗನಿಗೆ ತಲೆ ಆಡಿಸಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆ.

ಯುದ್ಧದ ಆಟ ಮಕ್ಕಳಿಗೆ ಯಾಕೆ ಎಂದು ಕೆಲವು ಸ್ನೇಹಿತರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆನಡಾದಲ್ಲೇ ಇದಕ್ಕೊಂದು ಕಥೆ ಇದೆ. 1996ರಲ್ಲಿ ವ್ಯಾಂಕೂವರಿನ ಮೇನ್‌ಫ್ರೇಮ್ ಸಂಸ್ಥೆ ಬೀಸ್ಟ್ ವಾರ್ಸ್ ಎಂಬ ಟ್ರಾನ್ಸ್‌ಫಾರ್ಮರ್ಸ್ ಧಾರಾವಾಹಿಯನ್ನು ಕಂಪ್ಯೂಟರಿನಲ್ಲಿ ಮಾಡಿತು. ಇಲ್ಲಿನ ಟಿವಿಯಲ್ಲಿ ಅದು ಬಂದದ್ದು ಬೀಸ್ಟೀಸ್ ಎಂಬ ಹೆಸರಿನಲ್ಲಿ; ಹೆಸರಿನಿಂದ ಯುದ್ಧದ ಪದ ಹೋಯಿತು, ಕಥೆಯಿಂದ ಯುದ್ಧ ಹೋಗಲಿಲ್ಲ. ಹೆಸರು ತೆಗೆದರೆ ಯುದ್ಧ ಹೋಗುವುದಿಲ್ಲ, ನಮ್ಮ ಮಹಾಭಾರತದಿಂದಲೂ ಹೋಗುವುದಿಲ್ಲ. ನೋಡಬೇಕಾದ್ದು ಮಕ್ಕಳು ಅದರೊಳಗೆ ಏನು ತೀರ್ಮಾನ ಮಾಡ್ತಾರೆ ಎಂಬುದನ್ನು. ಆಟೋಬಾಟರ ನಾಯಕ ಆಪ್ಟಿಮಸ್ ಪ್ರೈಮ್‌ಗೆ 1984ರಿಂದ ಸ್ವರ ಕೊಟ್ಟ ಪೀಟರ್ ಕಲನ್ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರು. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ತಮ್ಮ ಅಣ್ಣನ ಮೆಲುದನಿಯನ್ನೇ ಆ ಪಾತ್ರಕ್ಕೆ ಮಾದರಿಯಾಗಿ ಇಟ್ಟುಕೊಂಡೆ ಎಂದು ಅವರು ಹೇಳಿಕೊಂಡಿದ್ದಾರೆ. ಕಿರುಚದ ನಾಯಕ. ನಮ್ಮ ಅಕ್ಕ ಆ ಪಾತ್ರ ಮಾತಾಡಿಸುವಾಗ ಮಕ್ಕಳು ತಾವಾಗಿ ಸದ್ದು ತಗ್ಗಿಸ್ತಾರೆ.

ಆಗದ್ದನ್ನೂ ಹೇಳಿಬಿಡ್ತೇವೆ. ಇದರಿಂದ ಮಕ್ಕಳಿಗೆ ಓದು ಬರಹ ಬರುವುದಿಲ್ಲ. ಅದಕ್ಕೆ ಕನ್ನಡ ಶಾಲೆಯೇ ಬೇಕು. ಮಕ್ಕಳು ತಮ್ಮತಮ್ಮೊಳಗೆ ಈಗಲೂ ಇಂಗ್ಲಿಷೇ. ಅವರ ಕನ್ನಡ ಧಾರವಾಡ, ದಾವಣಗೆರೆ, ಕುಂಬಳೆ ಮೂರೂ ಕಲಸಿದ ಸಾಂಬಾರು; ಅದು ನಮಗೆ ಬೇಸರವಲ್ಲ. ಮಾರ್ಚಿನಿಂದ ಏಪ್ರಿಲ್ 30ರವರೆಗೆ, ತೆರಿಗೆ ಸಲ್ಲಿಸುವ ಕೊನೆಯ ದಿನ ಮುಗಿಯುವ ತನಕ, ನಮ್ಮ ಮನೆಯಲ್ಲಿ ಆಟ ಇಲ್ಲ. ಪಾಳಿ ಬದಲಾದರೆ ತಿಂಗಳಿಗೆ ಒಂದೇ ಸಲ. ಒಂದೆರಡು ಸಲ ಅಕ್ಕ ಕಥೆಯ ಮಧ್ಯದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾರೆ. ಮಕ್ಕಳು ಕಂಬಳಿ ಹೊದಿಸಿ, ಭಾಗವತರಿಲ್ಲದೆ ಹತ್ತು ನಿಮಿಷ ತಾವೇ ನಡೆಸಿದರು.

ಶುರು ಮಾಡಬೇಕೆಂದಿದ್ದರೆ ದೊಡ್ಡ ಖರ್ಚು ಬೇಡ. ಮೊದಲು ಪುಸ್ತಕ ನೋಡಿ, ಆಮೇಲೆ ಕೊಳ್ಳಿ. ಟೊರಾಂಟೊ ಪಬ್ಲಿಕ್ ಲೈಬ್ರರಿಯ ಲಿಲಿಯನ್ ಎಚ್. ಸ್ಮಿತ್ ಶಾಖೆ, 239 ಕಾಲೇಜ್ ಸ್ಟ್ರೀಟಿನಲ್ಲಿದೆ. ಬಾಗಿಲ ಎರಡೂ ಕಡೆ ರೆಕ್ಕೆಯ ಸಿಂಹ, ಗ್ರಿಫಿನ್‌ಗಳ ದೊಡ್ಡ ಕಂಚಿನ ಪ್ರತಿಮೆಗಳು, ಗುರುತು ತಪ್ಪುವುದಿಲ್ಲ. ಅದರೊಳಗೆ ಮೆರಿಲ್ ಕಲೆಕ್ಷನ್ ಎಂಬ ವಿಭಾಗ. ಜುಡಿತ್ ಮೆರಿಲ್ ಎಂಬ ಲೇಖಕಿ 1968ರಲ್ಲಿ ಅಮೆರಿಕ ಬಿಟ್ಟು ಟೊರಾಂಟೊಗೆ ವಲಸೆ ಬಂದವರು. 1970ರಲ್ಲಿ ತಮ್ಮ ಸುಮಾರು 5,000 ವಿಜ್ಞಾನ ಕಥಾ ಪುಸ್ತಕ, ಪತ್ರಿಕೆಗಳನ್ನು ಗ್ರಂಥಾಲಯಕ್ಕೆ ಕೊಟ್ಟರು. ಅಲ್ಲಿಂದ ಬೆಳೆದ ಸಂಗ್ರಹ ಅದು; ಈ ಜಾತಿಯ ಆಟಗಳ ಪುಸ್ತಕಗಳೂ ಅದರಲ್ಲಿವೆ. ಮನೆಗೆ ಒಯ್ಯುವ ಹಾಗಿಲ್ಲ, ಅಲ್ಲೇ ಕೂತು ನೋಡಬಹುದು, ದುಡ್ಡಿಲ್ಲ. ರಜೆಯ ದಿನ ಮಕ್ಕಳನ್ನು ಕರಕೊಂಡು ಹೋಗಿ.

ಪುಸ್ತಕವೇ ಬೇಡ ಎಂದರೂ ನಡೆಯುತ್ತದೆ. ಒಂದು ಲೂಡೋ ದಾಳ, ಒಂದು ಕಥೆ ಸಾಕು. ಮೂರು ಮಾತು ಮಾತ್ರ ನೆನಪಿಡಿ. ಒಂದು, ಕಥೆಯೊಳಗೆ ಕನ್ನಡ ಮಾತ್ರ ಗೊತ್ತಿರುವ ಒಬ್ಬನನ್ನು ಇಡಿ, ಮಕ್ಕಳಿಗೆ ಬೇಕಾದದ್ದು ಅವನ ಹತ್ತಿರವೇ ಇರಲಿ. ಎರಡು, ತಪ್ಪು ತಿದ್ದಬೇಡಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳು ಅನ್ನಿ. ಮೂರು, ಸುಲಭದ ಪ್ರಶ್ನೆ ಕೇಳಬೇಡಿ. ಯಾವ ಕಡೆಗೂ ವಾದ ಇರುವಂಥ ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿ ಕೂತಿರಿ. ಈ ಮೂರನೆಯದೇ ನಮಗೆ ಕಷ್ಟ.

ಊರಿನಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಫೋನಿನಲ್ಲಿ ಆಟಕ್ಕೆ ಎಳೆಯಿರಿ. ಇಲ್ಲಿ ಭಾನುವಾರ ಬೆಳಗ್ಗೆ ಒಂಬತ್ತಾದರೆ ಅಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತು, ಅವರಿಗೂ ಬಿಡುವು. ರೋಬೋಟು ಎಂದರೇನು ಎಂದು ವಿವರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಚಳಿಗಾಲದ ಟಯರ್ ಮರೆಯಬೇಡಿ.